ಮುಖಮಣ್ಣಿನ ಹಾಡು

ಬೆಟ್ಟಗಳು ಇನ್ನೂ ಹೊಗೆಯಾಡುತ್ತಿದ್ದ ಕಾಲದಲ್ಲಿ, ಏಳು ಕೆರೆಗಳ ನಡುವೆ ಜೇಡಿನಾಡು ಎಂಬ ರಾಜ್ಯವಿತ್ತು. ಆ ರಾಜ್ಯದ ಕುಂಬಾರರ ಕೇರಿಯಲ್ಲಿ ಬೊಮ್ಮವ್ವ ಎಂಬವಳಿಗೆ ಇಬ್ಬರು ಹೆಣ್ಣುಮಕ್ಕಳಿದ್ದರು. ಹಿರಿಯವಳು ಮಾಳಿ, ಕಿರಿಯವಳು ಕೇದಗೆ.

ಕೇದಗೆಯ ಮುಖ ಈಗಷ್ಟೇ ತಿಗರಿಯಿಂದ ಇಳಿದ ಗಡಿಗೆಯ ಹಾಗೆ ನುಣುಪಾಗಿತ್ತು. ಮಾಳಿಗೆ ಹದಿನಾಲ್ಕು ತುಂಬಿದ ವರ್ಷ ಮುಖದ ತುಂಬ ಮೊಡವೆ ಎದ್ದವು. ಹಣೆಯ ಮೇಲೆ ಕೆಂಪು, ಕೆನ್ನೆಯ ಮೇಲೆ ಕೀವು, ಗಲ್ಲದ ಮೇಲೆ ಕಲೆ. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡೇ ನೀರಿಗೆ ಹೋಗುತ್ತಿದ್ದಳು.

ಬೊಮ್ಮವ್ವ ಮಗಳಿಗೆ ಮದ್ದು ಮಾಡಿದಳು. ಏಳನೆಯ ಕೆರೆಯ ಜೇಡಿಮಣ್ಣು ಹತ್ತು ಚಿಟಿಕೆ, ಹಾಲಿನಲ್ಲಿ ತೊಳೆದು ಅರೆದ ಗಂಧಕ ಒಂದು ಚಿಟಿಕೆ. ಎರಡನ್ನೂ ನೀರಲ್ಲಿ ಕಲಸಿ, ಕಣ್ಣು ತುಟಿಗಳ ಸುತ್ತ ಬಿಟ್ಟು, ತೆಳ್ಳಗೆ ಬಳಿಯುತ್ತಿದ್ದಳು. ವಾರಕ್ಕೆ ಒಂದೇ ಸಲ. "ಬಾಗಿಲು ಹಾಕವ್ವ, ಯಾರೂ ನನ್ನ ನೋಡಬಾರದು" ಎಂದು ಮಾಳಿ ಹಟ ಮಾಡುತ್ತಿದ್ದಳು. ಬೊಮ್ಮವ್ವ ಬಾಗಿಲು ಹಾಕಿ, ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಏಳು ಕೆರೆಗಳ ಹಾಡು ಹೇಳುತ್ತಿದ್ದಳು. ಹಾಡು ಮುಗಿದಾಗ ಮುಖ ತೊಳೆಯುತ್ತಿದ್ದಳು. ಮೊಡವೆ ಮೆಲ್ಲಮೆಲ್ಲಗೆ ಇಳಿಯುತ್ತಿದ್ದವು.

ಅಷ್ಟರಲ್ಲಿ ಬೊಮ್ಮವ್ವನಿಗೆ ಜ್ವರ ಬಂದಿತು. ಏಳಲಾರದ ಜ್ವರ. ಅವಳು ಕೇದಗೆಯನ್ನು ಕರೆದು ಮದ್ದು ಅರೆಯುವ ಕಲ್ಬತ್ತನ್ನು ಕೈಗಿಟ್ಟು, ಅಳತೆ ಹೇಳಿಕೊಟ್ಟಳು. "ಹಚ್ಚಿ, ಒಣಗಾಕೆ ಬಿಡು…" ಎನ್ನುವಷ್ಟರಲ್ಲಿ ಉಸಿರು ಸಾಲದಾಯಿತು. ಆಮೇಲೆ ಮಾಳಿಯನ್ನು ಕರೆದಳು. ಅವಳ ಕೈಗೆ ಏನನ್ನೂ ಕೊಡಲಿಲ್ಲ. "ಆ ಹಾಡು ಒಂದ್ಸಲ ಹೇಳು ಮಗಾ. ಮರೆತಿಲ್ಲ ತಾನೆ?" ಎಂದಳು.

ಮಾಳಿ ಹೇಳಿದಳು. ಕೊನೆಯ ಎರಡು ಸಾಲು ಉಳಿದಿರುವಾಗ ಬೊಮ್ಮವ್ವನ ಕೈ ತಣ್ಣಗಾಯಿತು. ಆ ಎರಡು ಸಾಲು ಮಾಳಿಯ ಗಂಟಲಲ್ಲೇ ನಿಂತವು. ಅಂದಿನಿಂದ ಅವಳು ಹಾಡಲಿಲ್ಲ.

ಕೇದಗೆ ಅಕ್ಕನ ಮುಖಕ್ಕೆ ಮದ್ದು ಹಚ್ಚಿದಳು. ಕುಂಬಾರರ ಮನೆಯಲ್ಲಿ ಹುಟ್ಟಿದವರಿಗೆ ಹಸಿಮಣ್ಣು ಎಂದರೆ ಅರ್ಧ ಮುಗಿದ ಕೆಲಸ. ಗಡಿಗೆ ಪೂರ್ತಿ ಒಣಗದೆ ಸುಡಲು ಆವಿಗೆಗೆ ಹೋದರೆ ಒಡೆಯುತ್ತದೆ. ಆದ್ದರಿಂದ ಕೇದಗೆ ಅಕ್ಕನನ್ನು ಬಿಸಿಲಿನಲ್ಲಿ ಕೂರಿಸಿ, ಬೆರಳಿನಿಂದ ತಟ್ಟಿದರೆ ಟಕ್ ಎನ್ನುವವರೆಗೂ ಕಾದಳು. ಮಣ್ಣು ಬಿರಿಯಿತು. ಮುಖ ಉರಿಯಿತು. ಸಿಪ್ಪೆ ಎದ್ದು, ಒಂದು ಮೊಡವೆ ಇದ್ದಲ್ಲಿ ಮೂರಾದವು. ಮೂರು ವಾರ ಹೀಗೇ ಆಯಿತು.

"ಬೇಕಂತಲೇ ಮಾಡ್ತಿದೀಯ," ಎಂದಳು ಮಾಳಿ.

"ಅವ್ವ ಹೇಳಿದ ಅಳತೇನೇ ಹಾಕಿದೀನಿ ಅಕ್ಕ. ಬೇಕಾದರೆ ನೀನೇ ನೋಡು."

"ನನಗ್ಯಾಕೆ ಗೊತ್ತಿರುತ್ತೆ ಅಳತೆ? ಕಲ್ಬತ್ತು ನಿನಗೆ ತಾನೆ ಕೊಟ್ಟಿದ್ದು!"

ಅಂದಿನಿಂದ ಆ ಮನೆಯಲ್ಲಿ ಒಂದೇ ಒಲೆ, ಎರಡು ಮೂಲೆ. ನುಣುಪು ಮುಖವೂ ಅವಳಿಗೆ, ಅವ್ವನ ವಿದ್ಯೆಯೂ ಅವಳಿಗೆ ಎಂದು ಮಾಳಿ ಎಣಿಸಿಕೊಂಡಳು. ತಂಗಿ ನಕ್ಕರೆ ಅವಳ ಹೊಟ್ಟೆಯಲ್ಲಿ ಕೆಂಡ ಹೊರಳಿದಂತಾಗುತ್ತಿತ್ತು. ತಂಗಿ ಸುಮ್ಮನಿದ್ದರೆ, ಈ ಮೌನಕ್ಕೂ ಚೆಂದ ಇದೆಯಲ್ಲ ಎಂದು ಇನ್ನೂ ಉರಿಯುತ್ತಿತ್ತು.

ಆ ವರ್ಷ ಹೊಗೆಬೆಟ್ಟದ ಮಾಯಾವಿ ಧೂಮಿನಿ ಜೇಡಿನಾಡಿನ ಮೇಲೆ ಬಿಸಿಗಾಳಿ ಬಿಟ್ಟಳು. ಯುವರಾಜ ಹೇಮಕೇತುವಿನ ಮುಖದ ತುಂಬ ಮೊಡವೆ ಎದ್ದವು. ಪಟ್ಟಾಭಿಷೇಕಕ್ಕೆ ಉಳಿದದ್ದು ಐದೇ ವಾರ. ಯುವರಾಜ ಬಾಳೆಲೆ ಅಡ್ಡ ಹಿಡಿದುಕೊಂಡು ಸಭೆ ನಡೆಸುತ್ತಿದ್ದ. ಅರಮನೆಯ ಪಲ್ಲಕ್ಕಿ ಹೊರುವ ಬೋಯಿಗಳು ಕುಂಬಾರರ ಕೇರಿಗೆ ಬಂದರು.

"ಬೊಮ್ಮವ್ವನ ಮದ್ದು ಬಲ್ಲವರು ಯಾರು?" ಎಂದು ಕೇಳಿದರು.

ಇಬ್ಬರೂ ಹೊರಗೆ ಬಂದರು. ಬೋಯಿಗಳು ಇಬ್ಬರ ಮುಖವನ್ನೂ ನೋಡಿದರು.

"ಕೇಳೋದೇನು? ಈ ತಾಯಿ ಮುಖ ನೋಡಿದರೇ ಗೊತ್ತಾಗುತ್ತೆ, ಮದ್ದು ಎಷ್ಟು ಚೆನ್ನಾಗಿ ಹಿಡಿದಿದೆ ಅಂತ," ಎಂದು ಕೇದಗೆಗೆ ಕೈಮುಗಿದರು. "ಮೂರು ದಿನ ಬಿಟ್ಟು ಪಲ್ಲಕ್ಕಿ ತರ್ತೀವಿ ತಾಯಿ."

ಕೇದಗೆಯ ಮುಖಕ್ಕೆ ಆ ಮಣ್ಣು ಒಮ್ಮೆಯೂ ಸೋಕಿರಲಿಲ್ಲ. ಮಾಳಿ ಕೊಡ ಎತ್ತಿಕೊಂಡು ಕೆರೆಗೆ ಹೋದಳು. ಅಳು ಬರಲಿಲ್ಲ. ಉರಿ ಬಂದಿತು.

ಕೆರೆಯ ಏರಿಯ ಮೇಲೆ ಒಬ್ಬ ಹೆಂಗಸು ಕುಳಿತಿದ್ದಳು. ಅವಳ ಮುಖದ ತುಂಬ ಬೂದುಬಣ್ಣದ ಒಣಮಣ್ಣು. ಕಣ್ಣು ಮಾತ್ರ ಕಾಣುತ್ತಿತ್ತು. ತುಟಿ ಅಲುಗಿಸದೆ ಮಾತಾಡಿದಳು.

"ನಾನು ಧೂಮಿನಿ. ನಿನ್ನ ಹೊಟ್ಟೆಯ ಉರಿ ನನ್ನ ಬೆಟ್ಟದವರೆಗೂ ಕಾಣಿಸಿತು. ತಂಗಿಯ ಮುಖ ಬೇಕೇನೆ?"

ಮಾಳಿ ಕೊಡ ಕೆಳಗಿಟ್ಟು ಹತ್ತಿರ ಹೋದಳು.

"ಮೂರು ಕೆಲಸ ಮಾಡು. ಏಳನೆಯ ಕೆರೆಯ ಮಣ್ಣು ತಾ. ನನ್ನ ಬೆಟ್ಟದ ಗಂಧಕ ತಾ. ಮೂರನೆಯ ದಿನ ಎರಡನ್ನೂ ಕಲಸಿ ತಂಗಿಯ ಮುಖಕ್ಕೆ ಹಚ್ಚು. ಮಣ್ಣು ಒಣಗಿ ಬಿರಿದಾಗ ಅವಳ ಮುಖ ಮೊಟ್ಟೆಯ ಓಡಿನ ಹಾಗೆ ಕೈಗೆ ಬರುತ್ತದೆ. ಹಾಕಿಕೊಂಡು ಪಲ್ಲಕ್ಕಿ ಹತ್ತು."

"ಆಮೇಲೆ ಅವಳು?"

"ಅವಳಿಗೆ ನಿನ್ನ ಮುಖ ಉಳಿಯುತ್ತೆ. ನೀನು ಇಷ್ಟು ದಿನ ಹೊತ್ತಿಲ್ಲವೇ? ಅವಳೂ ಹೊರಲಿ."

ಮೊದಲನೆಯ ದಿನ ಮಾಳಿ ಏಳನೆಯ ಕೆರೆಗೆ ಹೋದಳು. ಮಣ್ಣಿಗೆ ಕೈಹಾಕಿದ ಕೂಡಲೇ ನೀರೊಳಗಿಂದ ಒಂದು ಮೊಸಳೆ ಎದ್ದಿತು. ಅದರ ಬೆನ್ನ ಮೇಲೆ ಜೊಂಡು ಬೆಳೆದಿತ್ತು.

"ಯಾರಿಗಾಗಿ ಮಣ್ಣು?" ಎಂದು ಕೇಳಿತು.

"ನನಗಾಗಿ," ಎಂದಳು ಮಾಳಿ.

ಮೊಸಳೆ ಬಾಯಿ ತೆರೆಯಿತು. ಹೆದರಿಕೆಯಲ್ಲಿ ಮಾಳಿಯ ಬಾಯಿಗೆ ಬಂದದ್ದು ಅವ್ವನ ಹಾಡೊಂದೇ.

ಒಂದನೆ ಕೆರೆಯಲಿ ಬಾತೊಂದು ಈಜಿತು,
ಜೋ ಕಂದ, ಮಣ್ಣು ತಣ್ಣಗಿದೆ…

ಮೊಸಳೆ ಬಾಯಿ ಮುಚ್ಚಿತು. ಎರಡನೆಯ ಕೆರೆ, ಮೂರನೆಯ ಕೆರೆ ಎಂದು ಹಾಡು ಸಾಗಿದಂತೆ ಅದರ ಕಣ್ಣು ಮುಚ್ಚಿದವು. ಮಾಳಿ ಹಾಡುತ್ತಲೇ ಮಡಿಲು ತುಂಬ ಮಣ್ಣು ತುಂಬಿಕೊಂಡಳು. ಏಳನೆಯ ಕೆರೆಯ ಕೊನೆಯ ಎರಡು ಸಾಲು ಮಾತ್ರ ಬಾಯಿಗೆ ಬರಲಿಲ್ಲ. ನಿಲ್ಲಿಸಿ ಓಡಿದಳು.

ಹಿಂದಿನಿಂದ ಮೊಸಳೆ ಹೇಳಿತು: "ಈ ಹಾಡು ಕೇಳಿ ಬೆಳೆದವಳಿಗೆ ಇನ್ನೇನು ಬೇಕು?"

ಎರಡನೆಯ ದಿನ ಹೊಗೆಬೆಟ್ಟ ಹತ್ತಿದಳು. ದಾರಿಯಲ್ಲಿ ಧೂಮಿನಿಯ ಅಂಗಳ. ಅಲ್ಲಿ ನಲವತ್ತು ಮಣ್ಣಿನ ಬೊಂಬೆಗಳು ನಿಂತಿದ್ದವು. ಎಲ್ಲವೂ ಆಳೆತ್ತರ, ಎಲ್ಲವೂ ಹೆಣ್ಣು. ಒಂದು ಬೊಂಬೆಯ ಕೆನ್ನೆಯ ಮೇಲೆ ಗೆರೆಯೊಂದು ಒದ್ದೆಯಾಗಿತ್ತು. ಅಂದು ಮಳೆ ಬಂದಿರಲಿಲ್ಲ. ಮಾಳಿ ಅದನ್ನು ನೋಡಿದಳು. ನೋಡಿಯೂ ನೋಡದವಳಂತೆ ಮುಂದೆ ಹೋದಳು.

ಬೆಟ್ಟದ ತುದಿಯಲ್ಲಿ ಕಲ್ಲಿನ ಸಂದಿಗಳ ತುಂಬ ಹಳದಿ ಗಂಧಕ. ಕೈಯಿಟ್ಟ ಕೂಡಲೇ ಹೊಗೆಯೆಲ್ಲ ಒಟ್ಟಾಗಿ ಒಂದು ಹಳದಿ ಹುಲಿಯಾಯಿತು. ಅದರ ಉಸಿರು ಮೂಗಿಗೆ ಘಾಟು ಹೊಡೆಯಿತು.

"ಯಾರಿಗಾಗಿ ಗಂಧಕ?"

"ನನಗಾಗಿ."

ಹುಲಿ ಪಂಜ ಎತ್ತಿತು. ಮಾಳಿ ಹಾಡಿದಳು. ಹುಲಿ ಪಂಜ ಮಡಿಸಿ ಮಲಗಿತು. ಅವಳು ಸೆರಗಿನ ತುದಿಗೆ ಗಂಧಕ ಕಟ್ಟಿಕೊಂಡಳು. ಈ ಸಲವೂ ಕೊನೆಯ ಎರಡು ಸಾಲು ಬರಲಿಲ್ಲ.

ಇಳಿಯುವಾಗ ಹಿಂದಿನಿಂದ ಹುಲಿ ಹೇಳಿತು: "ಈ ಹಾಡು ಕೇಳಿ ಬೆಳೆದವಳಿಗೆ ಇನ್ನೇನು ಬೇಕು?"

"ಒಂದು ಮುಖ ಬೇಕು!" ಎಂದು ಮಾಳಿ ಕೂಗಿದಳು. ಬೆಟ್ಟ ಅದನ್ನೇ ಮೂರು ಸಲ ಹೇಳಿತು.

ಮೂರನೆಯ ದಿನ ಮಧ್ಯಾಹ್ನ ಕೇದಗೆ ಜಗಲಿಯಲ್ಲಿ ತಲೆಗೆ ಕೈಹೊತ್ತು ಕುಳಿತಿದ್ದಳು.

"ಸಂಜೆಗೆ ಪಲ್ಲಕ್ಕಿ ಬರುತ್ತೆ ಅಕ್ಕ. ನಾನು ಹೋಗಿ ಯುವರಾಜನ ಮುಖಾನೂ ಸುಡ್ತೀನಿ. ಅವರು ನನ್ನ ತಲೆ ತೆಗೀತಾರೆ."

"ಮೊದಲು ನಿನ್ನ ಮುಖಕ್ಕೆ ಹಚ್ಚಿ ನೋಡೋಣ. ಮಲಕ್ಕೋ," ಎಂದಳು ಮಾಳಿ. ತನ್ನ ದನಿ ಇಷ್ಟು ಮೆತ್ತಗೆ ಬಂದದ್ದು ಕೇಳಿ ಅವಳಿಗೇ ನಾಚಿಕೆಯಾಯಿತು.

ಕೇದಗೆ ಅಕ್ಕನ ತೊಡೆಯ ಮೇಲೆ ತಲೆಯಿಟ್ಟಳು. ಮಾಳಿ ಮಣ್ಣು ಬಳಿದಳು. ಹಣೆಗೆ, ಕೆನ್ನೆಗೆ, ಗಲ್ಲಕ್ಕೆ. ಕಣ್ಣು ತುಟಿಗಳ ಸುತ್ತ ಬಿಟ್ಟಳು. ಅವ್ವನ ಕೈ ಹೋಗುತ್ತಿದ್ದ ದಾರಿಯಲ್ಲೇ ಅವಳ ಕೈ ಹೋಯಿತು.

"ತಣ್ಣಗಿದೆ," ಎಂದಳು ಕೇದಗೆ, ಕಣ್ಣು ಮುಚ್ಚಿಕೊಂಡೇ. "ಇದನ್ನ ನನಗೆ ಯಾರೂ ಹಚ್ಚಿರಲಿಲ್ಲ ಕಣಕ್ಕ."

"ನಿನಗೇನು ಬೇಕಿತ್ತು? ಮುಖ ಬೆಣ್ಣೆಯ ಹಾಗಿತ್ತು."

"ಅದೇ! ಬೆಣ್ಣೆಯ ಹಾಗಿತ್ತು ಅಂತ ಅವ್ವ ನನ್ನ ಮುಖ ಮುಟ್ಟಲೇ ಇಲ್ಲ. ನೀವು ಬಾಗಿಲು ಹಾಕ್ಕೊಂಡು ಒಳಗೆ ಹಾಡ್ತಿದ್ರಿ. ನಾನು ಹೊರಗೆ ಮಣ್ಣು ತುಳೀತಿದ್ದೆ. ಒಂದಿನ ಮುಖಕ್ಕೆ ತುರುಚೆಸೊಪ್ಪು ಉಜ್ಜಿಕೊಂಡೆ, ನನಗೂ ಗುಳ್ಳೆ ಏಳಲಿ ಅಂತ. ಸಂಜೆಗೇ ಇಳಿದುಹೋಯಿತು, ಹಾಳಾದ್ದು." ಅವಳು ನಕ್ಕಳು. ಮುಚ್ಚಿದ ಕಣ್ಣಿನ ತುದಿಯಲ್ಲಿ ನೀರು ಬಂದಿತು. "ಕಲ್ಬತ್ತು ಕೊಟ್ಟಾಗ ಅವ್ವ ಏನಂದಳು ಗೊತ್ತಾ? 'ಅಕ್ಕನ ಮುಖ ನೋಡಿಕೋ' ಅಂದಳು. ಆಗಲೂ ನಿನ್ನ ಮುಖಾನೇ! ಆ ಹಾಡು ಹೇಳಿಸಿಕೊಂಡು ಬೆಳೆದವಳು ನೀನು. ನಿನಗೆ ಇನ್ನೇನು ಬೇಕು ಅಂತ ನನ್ನ ಹೊಟ್ಟೆ ಉರೀತಿತ್ತು. ಈಗಲಾದರೂ ಒಂದ್ಸಲ ಹೇಳಕ್ಕ. ಬಾಗಿಲ ಹೊರಗಲ್ಲ, ನಿನ್ನ ತೊಡೆ ಮೇಲೆ ಮಲಗಿ ಕೇಳ್ತೀನಿ."

ಮಾಳಿಯ ಕೈ ನಿಂತಿತು. ತನ್ನ ಹೊಟ್ಟೆಯ ಉರಿ ಇವಳ ಹೊಟ್ಟೆಯಲ್ಲೂ ಇತ್ತೆಂದು ಅವಳು ಒಮ್ಮೆಯೂ ಎಣಿಸಿರಲಿಲ್ಲ.

ಹಾಡತೊಡಗಿದಳು. ಒಂದನೆಯ ಕೆರೆ ಮುಗಿಯುವಷ್ಟರಲ್ಲಿ ಕೇದಗೆಯ ಪಾದಗಳು ಬೂದುಬಣ್ಣಕ್ಕೆ ತಿರುಗಿದವು. ಎರಡನೆಯ ಕೆರೆಗೆ ಮೊಣಕಾಲು ಮಣ್ಣಾಯಿತು. ಮಾಳಿಗೆ ನಲವತ್ತು ಬೊಂಬೆಗಳು ನೆನಪಾದವು. ಆ ಒದ್ದೆ ಗೆರೆ ನೆನಪಾಯಿತು. ಅವು ಬೊಂಬೆಗಳಲ್ಲ. ಮುಖ ಕಳೆದುಕೊಂಡ ತಂಗಿಯರು, ಗೆಳತಿಯರು. ನಾಲ್ಕನೆಯ ಕೆರೆಗೆ ಸೊಂಟ. ಆರನೆಯ ಕೆರೆಗೆ ಕುತ್ತಿಗೆ. ಕೇದಗೆ ಕಣ್ಣು ತೆರೆಯಲಿಲ್ಲ.

ಹಾಡುತ್ತಲೇ ಮಾಳಿ ಕೆನ್ನೆಯ ಮೇಲಿನ ಮಣ್ಣು ಮುಟ್ಟಿದಳು. ಅಂಚು ಬಿಳಿಚಿತ್ತು. ನಡುವೆ ಇನ್ನೂ ತೇವವಿತ್ತು. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಬಿರಿಯುತ್ತದೆ. ಸುಮ್ಮನಿದ್ದರೆ ಸಾಕು, ಆ ಮುಖ ತನ್ನದು.

ಕೊನೆಯ ಎರಡು ಸಾಲು ಗಂಟಲಲ್ಲಿ ನಿಂತವು. ಅವ್ವನ ಕೈ ತಣ್ಣಗಾದ ಸಾಲು. ಮಾಳಿ ಕಣ್ಣು ಮುಚ್ಚಿ ಹಾಡಿದಳು:

ಏಳನೆ ಕೆರೆಯಲಿ ಕೊಕ್ಕರೆ ಕೂತಿತು,
ಜೋ ಕಂದ, ಮಣ್ಣು ಬಿಗಿಯುತಿದೆ.
ಬಿರಿಯುವ ಮುನ್ನವೆ ನೀರನು ತಂದೆ,
ಏಳು ಕಂದ, ಮುಖ ತೊಳೆವೆ.

ತನ್ನ ಬಾಯಿಂದಲೇ ಅದನ್ನು ಕೇಳಿದಾಗ ಅವಳಿಗೆ ತಿಳಿಯಿತು. ಅವ್ವ ಒಬ್ಬಳಿಗೆ ಅಳತೆ ಕೊಟ್ಟಿದ್ದಳು. ಇನ್ನೊಬ್ಬಳಿಗೆ ಹಾಡಿನಲ್ಲಿ ತೊಳೆಯುವ ಹೊತ್ತು ಕೊಟ್ಟಿದ್ದಳು. ಮಾಳಿ ಪಕ್ಕದ ಕೊಡ ಎತ್ತಿ ನೀರು ಸುರಿದಳು. ಮಣ್ಣು ಕರಗಿ ಜಗಲಿಯ ಮೇಲೆ ಹರಿಯಿತು. ಕುತ್ತಿಗೆಯ ಬಣ್ಣ ತಿರುಗಿತು, ಸೊಂಟದ ಬಣ್ಣ ತಿರುಗಿತು, ಕೊನೆಗೆ ಕಾಲ್ಬೆರಳು ಅಲುಗಿತು. ಕೇದಗೆ ಸೀನಿದಳು.

"ಅಯ್ಯೋ ಅಕ್ಕ, ಮೂಗಿಗೂ ಸುರೀಬೇಕಿತ್ತಾ?"

ಅಂಗಳದಲ್ಲಿ ಧೂಮಿನಿ ನಿಂತಿದ್ದಳು. ಮುಖ ತೆಗೆದುಕೊಂಡು ಹೋಗಲು ಬಂದಿದ್ದಳು, ಮಾಳಿಗೆ ಕೊಡಲಲ್ಲ.

"ಯಾಕೆ ತೊಳೆದೆ?" ಎಂದು ಚೀರಿದಳು. ನೂರು ವರ್ಷ ತುಟಿ ಅಲುಗಿಸದವಳು ಅಂದು ಬಾಯಿ ತುಂಬ ಚೀರಿದಳು. ಮುಖದ ಮಣ್ಣು ಟಕ್ ಎಂದು ಬಿರಿಯಿತು. ಚೂರುಚೂರಾಗಿ ಉದುರಿತು. ಅವಳ ಮಾಯೆಯೆಲ್ಲ ಇದ್ದದ್ದು ಆ ಮಣ್ಣಿನಲ್ಲಿ. ಕೆಳಗೆ ಇದ್ದದ್ದು ಸುಕ್ಕುಗಟ್ಟಿ ಕೆಂಪಾದ ಒಂದು ಮುದುಕಿಯ ಮುಖ. ಗಲ್ಲದ ಮೇಲೆ ಹಳೆಯ ಮೊಡವೆಯ ಕಲೆಗಳು.

"ನನಗಿಂತ ನನ್ನಕ್ಕ ಚೆಲುವೆ ಅಂತ ಹಚ್ಚಿಕೊಂಡೆ," ಎಂದು ಅವಳು ಬಿಕ್ಕಿದಳು. "ಒಬ್ಬಳೇ ಹಚ್ಚಿಕೊಂಡೆ. ಸಾಕು, ತೊಳಿ ಅನ್ನೋರು ಯಾರೂ ಇರಲಿಲ್ಲ."

ಮಾಳಿ ಕೊಡದಲ್ಲಿ ಉಳಿದಿದ್ದ ನೀರನ್ನು ತಂದು ಅವಳ ಮುಖ ತೊಳೆದಳು. ಆಮೇಲೆ ಮೂವರೂ ಕೊಡ ಹೊತ್ತು ಹೊಗೆಬೆಟ್ಟ ಹತ್ತಿ, ನಲವತ್ತು ಬೊಂಬೆಗಳನ್ನು ಹಾಡು ಹೇಳಿ ತೊಳೆದರು. ನಲವತ್ತು ಹೆಣ್ಣುಮಕ್ಕಳು ಕಣ್ಣು ಬಿಟ್ಟು ಮನೆಗೆ ಹೋದರು. ಬಿಸಿಗಾಳಿ ನಿಂತಿತು.

ಅವರು ಇಳಿದು ಬರುವಾಗ ಪಲ್ಲಕ್ಕಿ ಕಾದಿತ್ತು. ಅಕ್ಕತಂಗಿಯರು ಒಟ್ಟಿಗೇ ಹತ್ತಿದರು. ಅರಮನೆಯಲ್ಲಿ ಕೇದಗೆ ಕಲಸಿ ಹಚ್ಚಿದಳು, ಮಾಳಿ ಹಾಡಿದಳು.

"ತಂಪಾಗಿದೆ. ಇನ್ನೆರಡು ಕೆರೆ ಸೇರಿಸಿ," ಎಂದ ಯುವರಾಜ.

"ನಿಮ್ಮ ರಾಜ್ಯದಲ್ಲಿ ಇರೋದೇ ಏಳು ಕೆರೆ, ಪ್ರಭು. ಮುಖ ತೊಳೀರಿ," ಎಂದಳು ಮಾಳಿ.

ಒಂದೇ ದಿನದಲ್ಲಿ ಏನೂ ಆಗಲಿಲ್ಲ. ವಾರಕ್ಕೊಮ್ಮೆಯಂತೆ ಐದು ಸಲ ಆದ ಮೇಲೆ ಹೇಮಕೇತು ಬಾಳೆಲೆ ಬಿಸಾಡಿ, ಗಲ್ಲದ ಮೇಲೆ ಎರಡೇ ಮೊಡವೆ ಇಟ್ಟುಕೊಂಡು ಪಟ್ಟವೇರಿದ. ಮಾಳಿಯ ಮುಖವೂ ತಿಳಿಯಾಯಿತು. ಎಡಗೆನ್ನೆಯ ಮೇಲೆ ಮೂರು ಕಲೆ ಉಳಿದವು. ಅವಳು ಸೆರಗು ಇಳಿಸಿಯೇ ನೀರಿಗೆ ಹೋದಳು. ಧೂಮಿನಿ ಅದೇ ಕೇರಿಯಲ್ಲಿ ಗುಡಿಸಲು ಹಾಕಿಕೊಂಡು, ಬಂದವರಿಗೆಲ್ಲ ತೊಳೆಯುವ ನೀರು ಹೊತ್ತಳು.

ಅರಮನೆಯಿಂದ ಮರಳಿದ ದಿನ ಮಾಳಿ ಗಂಧಕ ಹಾಕದೆ ಬರಿಯ ಮಣ್ಣು ಕಲಸಿ, ಜಗಲಿಯ ಮೇಲೆ ಕುಳಿತು ತಂಗಿಯನ್ನು ಕರೆದಳು.

"ನನಗೆ ಮೊಡವೆ ಇಲ್ವಲ್ಲಕ್ಕ," ಎಂದಳು ಕೇದಗೆ.

"ಇಲ್ಲದಿದ್ದರೇನು? ಬಾ, ಮಲಕ್ಕೋ."

ಅಂದಿನಿಂದ ಜೇಡಿನಾಡಿನಲ್ಲಿ ತಮ್ಮ ಮುಖಕ್ಕೆ ತಾವೇ ಮಣ್ಣು ಹಚ್ಚಿಕೊಳ್ಳುವವರಿಲ್ಲ. ಒಬ್ಬರು ಮಲಗುತ್ತಾರೆ, ಒಬ್ಬರು ಹಾಡುತ್ತಾರೆ. ಬಾಗಿಲನ್ನು ಯಾರೂ ಹಾಕುವುದಿಲ್ಲ. ಅವರೆಲ್ಲ ಅಲ್ಲಿ ಸುಖವಾಗಿದ್ದಾರೆ. ಕತೆಯ ಮಣ್ಣು ಒಣಗಿ ಬಿರಿಯುವ ಮುನ್ನ ನಾವೂ ಏಳೋಣ.