ಉಕ್ಕಿನ ಕೋಣೆ

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಕುವೈತಿನ ನಮ್ಮ ಲ್ಯಾಬಿನಲ್ಲಿ ವಿಕಿರಣ ಅಳೆಯುವ ಒಂದು ಉಕ್ಕಿನ ಕೋಣೆಯಿದೆ. ಅಣುಬಾಂಬಿನ ನಂತರದ ಉಕ್ಕಿನಲ್ಲಿ ವಿಕಿರಣ ಬೆರೆತಿರುತ್ತದೆ, ಅದಕ್ಕಿಂತ ಹಿಂದಿನ ಉಕ್ಕೇ ಬೇಕೆಂದು ಸಮುದ್ರದ ತಳದಿಂದ ಎತ್ತಿದ ಹಳೆಯ ಜರ್ಮನ್ ಜಲಾಂತರ್ಗಾಮಿಯೊಂದರ ಪ್ಲೇಟುಗಳಿಂದ ಅದನ್ನು ಕಟ್ಟಿದ್ದಾರೆ. ಯುದ್ಧ ಮುಗಿದ ಮೇಲೆ ಬ್ರಿಟಿಷರು ಅದನ್ನು ವಶಪಡಿಸಿಕೊಂಡು, ಒಳಗಿದ್ದವರನ್ನೆಲ್ಲ ಇಳಿಸಿ, ಖಾಲಿಯಾಗಿಯೇ ಮುಳುಗಿಸಿದ್ದರಂತೆ.

ಕಳೆದ ಜುಲೈಯ ಒಂದು ಮಧ್ಯಾಹ್ನ ನಾನೊಬ್ಬನೇ ಒಳಗೆ ನೆಲ ಒರೆಸುತ್ತಿದ್ದಾಗ ಬಾಗಿಲು ಹಾಕಿಕೊಂಡಿತು. ಒಳಗಿನಿಂದ ತೆರೆಯಲು ಬರಲಿಲ್ಲ. ಫೋನ್ ಹೊರಗಿತ್ತು. ಕೂಗಿ ಕೂಗಿ ಗಂಟಲು ಕಟ್ಟಿತು. ಆ ಸೆಕೆಯಲ್ಲೂ ಗೋಡೆ ತಣ್ಣಗೆ ಕೊರೆಯತೊಡಗಿತು. ಎಲ್ಲಿಂದಲೋ ಡೀಸೆಲ್ ವಾಸನೆ, ತುಟಿಯ ಮೇಲೆ ಉಪ್ಪು. ಇಲ್ಲೇ ಸಾಯುತ್ತೇನೆ ಅನಿಸಿ ಗೋಡೆಗೆ ಮೂರು ಸಲ ಗುದ್ದಿದೆ. ಆಚೆಯಿಂದ ನಾಲ್ಕು ಗುದ್ದು ಕೇಳಿತು. ಬದುಕಿದೆ ಅಂದುಕೊಂಡು ಐದು ಗುದ್ದಿದೆ, ಆರು ಬಂತು. ಆಮೇಲೆ ಆಚೆಯ ಗುದ್ದು ನಿಲ್ಲಲೇ ಇಲ್ಲ, ನಾನೂ ಗುದ್ದುತ್ತಲೇ ಹೋದೆ. ನನಗಿಂತ ಆಚೆ ಗುದ್ದುವವರಿಗೇ ಹೆಚ್ಚು ಗಾಬರಿಯಾದಂತಿತ್ತು.

ಕೊನೆಗೆ ಬಾಗಿಲು ತೆರೆದವನು ಜೊತೆ ಕೆಲಸದ ವಿನೀತ್.

“ಎಂತ ಕಮಲಣ್ಣ, ಕೈಯೆಲ್ಲ ರಕ್ತ?”

“ಇಷ್ಟು ಹೊತ್ತು ಆಚೆಯಿಂದ ಗುದ್ದುವ ಬದಲು ಬಾಗಿಲು ತೆಗೀಬಾರದಿತ್ತಾ ಮಾರಾಯ?”

“ನಾನಾ? ನಾನು ಊಟ ಮುಗಿಸಿ ಈಗ ಬಂದದ್ದು. ಇಲ್ಲಿ ಯಾರೂ...”

ಅವನು ಕೋಣೆಯತ್ತ ತಿರುಗಿದ. ನಾವಿಬ್ಬರೂ ಹೊರಗಿದ್ದೆವು. ಬಾಗಿಲು ತೆರೆದೇ ಇತ್ತು. ಖಾಲಿ ಕೋಣೆಯ ಗೋಡೆಯಲ್ಲಿ ಯಾರೋ ಇನ್ನೂ ಗುದ್ದುತ್ತಿದ್ದರು.