ಗ್ಯಾಸ್ ಮುಳ್ಳು, ಡೀಸೆಲ್ ಮುಳ್ಳು

“ಶರಣೀ, ನನ್ನ ಎಲಿ-ಅಡಿಕಿ ಚೀಲ ಎಲ್ಲೈತವಾ?” ಅಜ್ಜಿ ಚಂದವ್ವ ಮತ್ತೆ ಕೇಳಿದಳು.

ಚೀಲ ಗೂಟಕ್ಕೆ ನೇತಾಡುತ್ತಿತ್ತು. ಆದರೆ ಗೂಟಕ್ಕೆ ಮರಾಠಿಯಲ್ಲಿ ಏನನ್ನುತ್ತಾರೋ ಶರಣಬಸಮ್ಮನಿಗೆ ಗೊತ್ತಿರಲಿಲ್ಲ. ತುಟಿ ಬಿಗಿದು ಸುಮ್ಮನೆ ಕೂತಳು.

ಮನೆಯಲ್ಲೂ ಕನ್ನಡ ಬಂದ್ ಎಂದು ಅವಳು ಆಣೆ ಹಾಕಿಕೊಂಡಿದ್ದಳು. ಬಿಜಾಪುರದಿಂದ ಮುಂಬೈ ಹತ್ತಿರದ ಡೊಂಬಿವಲಿಗೆ ಬಂದು ಮರಾಠಿ ಶಾಲೆ ಸೇರಿದ್ದು ಈ ವರ್ಷವೇ. ಮೊನ್ನೆ ಟೀಚರ್ ಹತ್ತಿರ ನೀರು ಕೇಳುವಾಗ ‘ಪಾಣೀ’ ಅನ್ನದೆ “ಮಲಾ ನೀರು ಪಾಹಿಜೆ” ಅಂದುಬಿಟ್ಟಳು. ಪಕ್ಕದ ದ್ರೌಪದಿ ಕಿಸಕ್ಕೆಂದಳು, ಆಮೇಲೆ ಇಡೀ ಕ್ಲಾಸು ನಕ್ಕಿತು. ದಸರೆಯ ರಜೆ ಮುಗಿದ ಮೇಲೆ ಎಲ್ಲರೂ ಎದ್ದು ನಿಂತು ರಜೆಯಲ್ಲಿ ಕಂಡದ್ದನ್ನು ಹೇಳಬೇಕಂತೆ. ಆಗ ಒಂದೇ ಒಂದು ಕನ್ನಡ ಪದ ಬಾಯಿಗೆ ಬರಬಾರದು.

ಕಷ್ಟವೆಂದರೆ, ಅವಳ ಮರಾಠಿ ನಾಲ್ಕು ಮಾತಿಗೇ ಖಾಲಿಯಾಗುತ್ತಿತ್ತು. ಹೀಗಾಗಿ ಮಾತಿನ ಮಲ್ಲಿ ಮನೆಯಲ್ಲಿ ಮೂಕಿಯಾಗಿದ್ದಳು.

“ನನ್ನ ಜೋಡಿ ಯಾಕ ಟೂ ಬಿಟ್ಟೀಯವಾ?” ಎಂದು ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಶರಣಿಗೂ ಅಳು ಬಂತು. ಆದರೂ ಬಾಯಿ ಬಿಡಲಿಲ್ಲ.

ಅವತ್ತು ಆಯುಧಪೂಜೆ. ಅಪ್ಪ ಮಾಪಣ್ಣ ಕೆಲಸ ಮಾಡುವ ಪವರ್ ಹೌಸಿನ ಗೇಟು ಮನೆಮಂದಿಗೆ ತೆರೆಯುವುದು ಅದೊಂದೇ ದಿನ. ಕಂಟ್ರೋಲ್ ರೂಮಿನ ಪ್ಯಾನೆಲ್‌ಗೆ ಚೆಂಡುಹೂವಿನ ಹಾರ ಹಾಕಿದ್ದರು. ಗೋಡೆಯಾಚೆ ಟರ್ಬೈನ್ ಭೋರೆನ್ನುತ್ತಿತ್ತು. ಅದರ ಹೊಟ್ಟೆಯಲ್ಲಿ ಗ್ಯಾಸ್ ಉರಿದು, ಚಕ್ರ ತಿರುಗಿ, ಕರೆಂಟು ಹುಟ್ಟುತ್ತದಂತೆ.

ಪೇಡೆ ಹಂಚುವಷ್ಟರಲ್ಲಿ ಫೋನ್ ಬಂತು. ಪೈಪಿನಲ್ಲಿ ಗ್ಯಾಸಿನ ಒತ್ತಡ ಇಳಿಯುತ್ತಿದೆ, ಮಷೀನನ್ನು ಡೀಸೆಲ್‌ಗೆ ತರಬೇಕು. ಅಪ್ಪ ಪ್ಯಾನೆಲ್ ಮುಂದೆ ನಿಂತ.

“ಅಪ್ಪಾ, ಲಗೂನ ಗ್ಯಾಸ್ ಬಂದ್ ಮಾಡಿ ಡೀಸೆಲ್ ಬಿಡು!” ಶರಣಿ ಕೂಗಿಬಿಟ್ಟಳು. ಆಣೆ ಎತ್ತ ಹೋಯಿತೋ!

“ಒಮ್ಮಿಗೇ ಬಂದ್ ಮಾಡಿದ್ರ ಒಳಗಿನ ಉರಿನೇ ಆರ್ತೈತಿ. ನೋಡ್ಕೋತ ನಿಂದ್ರು.”

ಪ್ಯಾನೆಲ್ಲಿನ ಮೀಟರುಗಳಲ್ಲಿ ಗ್ಯಾಸ್ ಮುಳ್ಳು ಮೆಲ್ಲಗೆ ಇಳಿಯಿತು. ಡೀಸೆಲ್ ಮುಳ್ಳು ಮೆಲ್ಲಗೆ ಏರಿತು. ನಡುವೆ ಒಂದು ಕಡೆ ಎರಡೂ ಸರಿಸಮ ಬಂದವು. ಸ್ಪೀಡಿನ ಮುಳ್ಳು ಒಂದಿಷ್ಟು ತುಯ್ದಾಡಿತು. ಮುಳ್ಳು ಮತ್ತೆ ತನ್ನ ಜಾಗಕ್ಕೆ ಬಂದು ನಿಂತಿತು.

“ಈಗ ಯಾವುದರ ಮ್ಯಾಲ ನಡದೈತಿ?”

“ಎರಡರ ಮ್ಯಾಲೂ.”

“ಅಯ್ಯ, ಕಲಬೆರಕಿ!”

“ಕಲಬೆರಕಿನೇ. ನಡದೈತಲ್ಲ?” ಎಂದ ಅಪ್ಪ, ಮುಳ್ಳಿನಿಂದ ಕಣ್ಣು ಕೀಳದೆ.

ಸಂಜೆ ಮನೆಗೆ ಬಂದವಳೇ ಶರಣಿ ಗೂಟದ ಚೀಲ ತೆಗೆದು ಅಜ್ಜಿಯ ಕೈಗಿಟ್ಟಳು. “ತಗೋ ಅಜ್ಜಿ. ಮುಂಜಾನೆನೂ ಇಲ್ಲೇ ಇತ್ತು.” ಆಮೇಲೆ ಟರ್ಬೈನಿನ ಕತೆ ಶುರುವಾಯಿತು. ಅಜ್ಜಿಯ ಎಲೆ-ಅಡಿಕೆ ಮುಗಿದರೂ ಕತೆ ಮುಗಿಯಲಿಲ್ಲ.

ರಜೆ ಮುಗಿಯಿತು. ಕ್ಲಾಸಿನಲ್ಲಿ ಶರಣಿಯ ಸರದಿ ಬಂತು. “ಮಾಝ್ಯಾ ಬಾಬಾಂಚೀ ಮಶೀನ್ ಖೂಪ್ ಮೋಠೀ ಆಹೆ,” ಎಂದು ಅಪ್ಪನ ದೊಡ್ಡ ಮಷೀನಿನಿಂದ ಶುರುಮಾಡಿದಳು. “ಮಗ್ ಗ್ಯಾಸ್... ಗ್ಯಾಸ್ ಕಡಿಮೆ ಝಾಲಾ...”

‘ಕಮೀ’ ಅನ್ನಬೇಕಾದಲ್ಲಿ ‘ಕಡಿಮೆ’ ಬಂದುಬಿಟ್ಟಿತ್ತು. ದ್ರೌಪದಿ ಕಿಸಕ್ಕೆಂದಳು. ಶರಣಿಯ ಕೆನ್ನೆ ಬಿಸಿಯಾಯಿತು. ಆದರೆ ಅವಳು ಕೂರಲಿಲ್ಲ. ಎರಡೂ ಕೈ ಮುಂದೆ ಚಾಚಿ ಒಂದನ್ನು ಮೆಲ್ಲಗೆ ಇಳಿಸಿದಳು, ಇನ್ನೊಂದನ್ನು ಮೆಲ್ಲಗೆ ಏರಿಸಿದಳು. “ಆಣಿ ಡೀಸೆಲ್ ಜಾಸ್ತಿ ಝಾಲಾ.”

ದ್ರೌಪದಿ ನಗು ಮರೆತು ಆ ಕೈಗಳನ್ನೇ ನೋಡುತ್ತಿದ್ದಳು. “ಮಗ್? ಬಂದ್ ಪಡಲೀ ಕಾ?” ಮಷೀನು ನಿಂತೇ ಹೋಯಿತಾ ಎಂದು ಕೇಳಿದಳು.

“ನಾಹೀ,” ಎಂದಳು ಶರಣಿ, ಮುಂದಿನ ಪದ ಯಾವ ಭಾಷೆಯದೆಂದು ನೋಡದೆ. “ನಿಲ್ಲಲೇ ಇಲ್ಲ. ಚಾಲೂಚ್ ಹೋತೀ.”