ಕುಡಿದಿರಲಿಲ್ಲ ಎಂದು ಬರೆದ ದೂರು

ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಠಾಣೆಗೆ ಬಂದ ದೂರಿನಲ್ಲಿ ಎಲ್ಲವೂ ಸರಿಯಾಗಿತ್ತು, ಒಂದು ಸಾಲು ಬಿಟ್ಟು. ತಂದವಳು ಟೈಲರನ ಹೆಂಡತಿ. ಹಿಂದಿನ ಸಂಜೆ ಅಂಗಡಿ ಮುಚ್ಚಿ ರಸ್ತೆ ಬದಿಯಲ್ಲಿ ನಡೆದು ಬರುತ್ತಿದ್ದ ಗಂಡನಿಗೆ ಡ್ರೈವಿಂಗ್ ಶಾಲೆಯ ಕಾರು ಗುದ್ದಿ ಬಲಗಾಲು ಮುರಿದಿತ್ತು. ಓಡಿಸುತ್ತಿದ್ದವನು ಶಾಲೆಯ ಮೇಷ್ಟ್ರ ಅಳಿಯ, ಮೇಷ್ಟ್ರು ಪಕ್ಕದ ಸೀಟಿನಲ್ಲಿದ್ದರು ಎಂದು ಬರೆದಿತ್ತು. ಕೊನೆಯ ಸಾಲು: ‘ಓಡಿಸುತ್ತಿದ್ದವರು ಖಂಡಿತ ಕುಡಿದಿರಲಿಲ್ಲ.’

ಇನ್ಸ್‌ಪೆಕ್ಟರು ಆ ಸಾಲನ್ನು ಮತ್ತೆ ಓದಿದರು. ಗುದ್ದಿದವನಿಗೆ ಗುದ್ದಿಸಿಕೊಂಡವನ ಕಡೆಯವರೇ ಒಳ್ಳೆಯ ನಡತೆಯ ಸರ್ಟಿಫಿಕೇಟು ಕೊಟ್ಟಿದ್ದನ್ನು ಅವರು ನೌಕರಿಗೆ ಸೇರಿದಾಗಿನಿಂದ ಕಂಡಿರಲಿಲ್ಲ.

“ಇದನ್ನ ಯಾರು ಬರೆಸಿದ್ದಮ್ಮ?”

“ನಮ್ಮೆಜಮಾನ್ರೇ ಹೇಳಿದ್ದು ಸಾರ್. ಆ ಸಾಲು ಬಿಡಬೇಡ ಅಂದ್ರು.” ಆಕೆ ಕೈಚೀಲದ ಹಿಡಿಯನ್ನು ತಿರುಚುತ್ತ ನಿಂತಳು. “ಆ ಕಾಲಲ್ಲೇ ಅವರು ಮಷಿನ್ ತುಳಿಯೋದು. ವಿಮೆ ಕಂಪನಿಯವರು ಪರಿಹಾರ ಕೊಟ್ರೇನೇ ನಮ್ಮನೇಲಿ ಒಲೆ ಹತ್ತೋದು.”

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ದಫೇದಾರರನ್ನು ಕರೆದುಕೊಂಡು ಹೋಗಿ ಸ್ಥಳ ಪಂಚನಾಮೆ ಮಾಡಿದರು. ಒಡೆದ ಹೆಡ್‌ಲೈಟಿನ ಚೂರು, ಚರಂಡಿ ಕಲ್ಲಿನ ಮೇಲೆ ಟೈರು ಉಜ್ಜಿದ ಗುರುತು, ಇಬ್ಬರು ಪಂಚರ ಸಹಿ. ಅಲ್ಲಿಂದ ನೇರ ಆಸ್ಪತ್ರೆಗೆ.

ಅಲ್ಲಿ ಎರಡು ಸಂಗತಿ ಸಿಕ್ಕವು. ಮೇಷ್ಟ್ರ ಹಣೆಗೆ ಹೊಲಿಗೆ ಹಾಕುವಾಗ ಹೆಂಡದ ವಾಸನೆ ಮೂಗಿಗೆ ಬಡಿದದ್ದರಿಂದ, ನಿಯಮದಂತೆ ರಕ್ತದ ಮಾದರಿ ತೆಗೆದು ಸೀಲು ಮಾಡಿಸಿದ್ದೇನೆ ಎಂದು ಡಾಕ್ಟರು ಹೇಳಿದರು. ಆದರೆ ಪಕ್ಕದಲ್ಲಿ ಕೂತವರು ಕುಡಿದಿದ್ದರೆ ಕೇಸು ಹಾಕಲು ಬರುವುದಿಲ್ಲ. ಸ್ಟೀರಿಂಗ್ ಯಾರ ಕೈಯಲ್ಲಿತ್ತು ಎನ್ನುವುದೇ ಪ್ರಶ್ನೆಯಾಯಿತು.

ಎರಡನೆಯದನ್ನು ಹೇಳಿದವನು ಬಾಗಿಲಿನ ಕಾವಲುಗಾರ. ಅವನ ಕಣ್ಣೆಲ್ಲ ಸ್ಟ್ರೆಚರ್ ಮೇಲಿತ್ತು, ಗುಂಪಿನಲ್ಲಿ ಯಾರು ಎಲ್ಲಿಂದ ಇಳಿದರೋ ತಿಳಿಯದು. ಕಾರು ಬಂದದ್ದು ಮಾತ್ರ ಮರೆತಿರಲಿಲ್ಲ. “ಈ ಎರಡು ಕಂಬದ ನಡುವೆ ಒಂದೇ ಏಟಿಗೆ ರಿವರ್ಸ್ ಬಂತು ಸಾರ್, ಮೇಜಿನ ಡ್ರಾಯರ್ ತಳ್ಳಿದ ಹಾಗೆ. ಆಂಬುಲೆನ್ಸ್‌ನವರಿಗೂ ಹಾಗೆ ಬರಲ್ಲ.”

ಇನ್ಸ್‌ಪೆಕ್ಟರಿಗೆ ನಗು ಬಂತು, ಹಿಂದೆಯೇ ಆ ರಿವರ್ಸ್ ಯಾರದೆಂದು ಹೊಳೆಯಿತು. ಊರಿನ ಅರ್ಧ ಜನರಂತೆ ಅವರೂ ಆ ಮೇಷ್ಟ್ರ ಶಿಷ್ಯರು. ಬೇರೆ ಶಾಲೆಗಳು ರಿವರ್ಸನ್ನು ಕೊನೆಗೆ ಕಲಿಸಿದರೆ ಈ ಮೇಷ್ಟ್ರು ಮೊದಲು ಕಲಿಸುತ್ತಿದ್ದರು. ಕಾರು ಸೊಟ್ಟಗಾಗದೆ ಹಿಂದೆ ಹೋಗುವವರೆಗೂ ಯಾರಿಗೂ ಮುಂದಿನ ಗೇರಿನ ಯೋಗವಿಲ್ಲ. ಅವರ ಕೈಗೆ ಸಿಗದೆ ನುಣುಚಿಕೊಂಡವನು ಸ್ವಂತ ಅಳಿಯನೇ. ಮಾವನ ಬೈಗುಳಕ್ಕೆ ಹೆದರಿ ಬೇರೆ ಶಾಲೆಯಲ್ಲಿ ಕಲಿತು ಲೈಸೆನ್ಸ್ ತಂದಿದ್ದ. ಮೇಷ್ಟ್ರು ಇದನ್ನು ಸಿಕ್ಕಸಿಕ್ಕವರ ಮುಂದೆಲ್ಲ ತೋಡಿಕೊಂಡಿದ್ದರು.

ಗುರುವಾರ ಬೆಳಿಗ್ಗೆ ಅಳಿಯನನ್ನು ಕರೆಸಿದರು.

“ಕಾರು ಓಡಿಸಿದ್ದು?”

“ನಾನೇ ಸಾರ್.”

“ಆಸ್ಪತ್ರೆ ಬಾಗಿಲಿಗೆ ರಿವರ್ಸ್ ಹಾಕಿದ್ದು?”

“ಅದೂ ನಾನೇ.”

“ಹಾಗಾದ್ರೆ ನಮ್ಮ ಜೀಪನ್ನ ಸ್ವಲ್ಪ ಆ ಗೇಟಿನೊಳಗೆ ರಿವರ್ಸ್ ತಗೊಂಡ್ಬನ್ನಿ.”

ದಫೇದಾರರು ಸದ್ದಿಲ್ಲದೆ ಎದ್ದು ಹೋಗಿ ತಮ್ಮ ಸ್ಕೂಟರನ್ನು ಹಿತ್ತಲಿಗೆ ಸಾಗಿಸಿದರು. ಒಳ್ಳೆಯದೇ ಆಯಿತು. ಜೀಪು ಎಡಕ್ಕೆ ಹೋಗಿ, ಬಲಕ್ಕೆ ಬಂದು, ನೀರಿನ ಡ್ರಮ್ಮನ್ನು ಉರುಳಿಸಿ, ಗೇಟಿಗೆ ಅಡ್ಡಲಾಗಿ ನಿಂತಿತು. ಅಳಿಯ ಬೆವರು ಒರೆಸಿಕೊಳ್ಳುತ್ತ ಇಳಿದ. ನಾನು ಕಾರಿನಲ್ಲೇ ಇರಲಿಲ್ಲ, ಮನೆಯಲ್ಲಿದ್ದೆ, ಟೈಲರಣ್ಣನಿಗೆ ಪರಿಹಾರ ತಪ್ಪಬಾರದೆಂದು ಅವರು, ಮಾವ, ನಾನು ಮೂವರೂ ಮಾತಾಡಿಕೊಂಡು ಹೀಗೆ ಮಾಡಿದೆವು ಎಂದು ಎಲ್ಲವನ್ನೂ ಬಾಯಿ ಬಿಟ್ಟ.

ವಾರ್ಡಿನಲ್ಲಿ ಟೈಲರನ ಕಾಲು ದಿಂಬಿನ ಮೇಲಿತ್ತು. ಕುಡಿದು ಓಡಿಸಿದ ಕಾರಿಗೆ ವಿಮೆ ಸಿಗುವುದೇ ಇಲ್ಲವೆಂದು ಪಕ್ಕದ ಹಾಸಿಗೆಯವನು ಹೇಳಿದ್ದನಂತೆ. ಆ ಗಾಳಿಮಾತಿಗೆ ಹೆದರಿ ಟೈಲರನೇ ಈ ಉಪಾಯ ಹೂಡಿದ್ದ. ಇನ್ಸ್‌ಪೆಕ್ಟರು ಸ್ಟೂಲು ಎಳೆದುಕೊಂಡು ಕೂತರು.

“ನೀವು ದಾರೀಲಿ ನಡೀತಿದ್ದವರು. ಅವರು ಕುಡಿದಿದ್ರೆ ಅದು ಕಂಪನಿಗೂ ಅವರಿಗೂ ಇರೋ ತಕರಾರು. ಸಾಮಾನ್ಯವಾಗಿ ಕೋರ್ಟು ಮೊದಲು ನಿಮಗೆ ಕೊಡಿಸುತ್ತೆ, ಕಂಪನಿ ಆಮೇಲೆ ಕಾರಿನವರಿಂದ ವಸೂಲಿ ಮಾಡ್ಕೊಳ್ಳುತ್ತೆ. ಆದ್ರೆ ಈ ಸುಳ್ಳು ಹಾಗೇ ಇದ್ರೆ ಕಂಪನಿ ವಕೀಲರು ನಿಮ್ಮ ಅರ್ಜೀನ ಚಿಂದಿ ಮಾಡ್ತಾರೆ.”

ಟೈಲರು ದಿಂಬಿನ ಮೇಲಿನ ಕಾಲನ್ನು ನೋಡಿಕೊಂಡ. “ನನ್ನನ್ನ ಎತ್ತಿ ತಂದೋರು ಅವರೇ ಸಾರ್. ದಾರಿಯುದ್ದಕ್ಕೂ ಅಳ್ತಿದ್ರು.”

“ಅದನ್ನೂ ಬರೆಸಿ. ನಡೆದದ್ದೆಲ್ಲ ಬರೆಸಿ.”

ಹೊಸ ಹೇಳಿಕೆಗೆ ಟೈಲರು ಸಹಿ ಹಾಕಿದಾಗ ಅವನ ಹೆಂಡತಿಯ ಮುಖದಲ್ಲಿ ಎರಡು ದಿನದ ಮೇಲೆ ಜೀವ ಬಂತು.

ಸಂಜೆ ನಾಲ್ಕಕ್ಕೆ ಶಾಲೆಯ ಮೈದಾನದಲ್ಲಿ ಮೇಷ್ಟ್ರನ್ನು ಬಂಧಿಸಿದರು. ಹಣೆಗೆ ಪಟ್ಟಿ ಕಟ್ಟಿಕೊಂಡಿದ್ದ ಅವರು ಜೀಪು ಕಂಡದ್ದೇ ತಾವಾಗಿಯೇ ಎದ್ದು ಬಂದರು. ಕಂಪನಿ ತಮ್ಮಿಂದ ವಸೂಲಿ ಮಾಡಲಿ, ಅದೇ ನ್ಯಾಯ ಎಂದರು. ಲೈಸೆನ್ಸ್ ಕೇಳಿದಾಗ ಅದನ್ನು ಅಂಗಿಯ ತುದಿಯಲ್ಲಿ ಒರೆಸಿ ಕೊಟ್ಟರು.

“ಎಂದೂ ಇಲ್ಲದ್ದು, ಆವತ್ತೇನು ಮೇಷ್ಟ್ರೇ?”

“ನಮ್ಮನೆಯವಳು ಪಾಸಾದಳಪ್ಪ. ಮದುವೆಯಾದಾಗಿಂದ ಕಲಿ ಅಂತಿದ್ದೆ, ಭಯ ಅಂತಿದ್ದಳು. ಆವತ್ತು ಟೆಸ್ಟ್ ಪಾಸು. ಖುಷೀಲಿ ಸ್ನೇಹಿತರ ಜೊತೆ ಕೂತೆ. ಮೊದಲನೇ ರೌಂಡು ನನ್ನನ್ನೇ ಕೂರಿಸ್ಕೊಂಡು ಹೋಗಬೇಕು ಅಂತ ಅವಳು ಕಾಯ್ತಿದ್ದಳು. ತಡವಾಯ್ತು ಅಂತ ಕಾರು ತೆಗೆದೆ.”

ಒಂದು ಫೋನು ಮಾಡಿದ್ದರೆ ಕರೆದೊಯ್ಯಲು ಹೊಸ ಲೈಸೆನ್ಸಿನ ಡ್ರೈವರೊಬ್ಬರು ಮನೆಯಲ್ಲೇ ತಯಾರಿದ್ದರು. ಅದು ಇಬ್ಬರಿಗೂ ಹೊಳೆದಿತ್ತು. ಮೇಷ್ಟ್ರ ಕಣ್ಣು ತುಂಬಿತ್ತು.

ಜಾಮೀನು ಸಿಗುವ ಕೇಸು. ಆರು ಗಂಟೆಗೆ ಮೇಷ್ಟ್ರ ಹೆಂಡತಿ ನೆರೆಮನೆಯವರ ಕಾರು ಕೇಳಿಕೊಂಡು ಬಂದರು. ದಫೇದಾರರು ಮತ್ತೆ ಸ್ಕೂಟರಿನ ಕಡೆ ಓಡುವಷ್ಟರಲ್ಲಿ ಕಾರು ಗೇಟಿನೊಳಗೆ ಒಂದೇ ಏಟಿಗೆ ರಿವರ್ಸ್ ಬಂದು ಮೆಟ್ಟಿಲ ಪಕ್ಕ ನಿಂತಿತು. ಮೇಷ್ಟ್ರು ಟೈರು ನೋಡಿದರು, ಕಂಬ ನೋಡಿದರು. ತಪ್ಪು ಹುಡುಕಲು ಏನೂ ಸಿಗಲಿಲ್ಲ.

ಕಾಗದಗಳಿಗೆ ಸಹಿಯಾದ ಮೇಲೆ ಅಭ್ಯಾಸಬಲದಿಂದ ಅವರು ಪಕ್ಕದ ಸೀಟಿನ ಬಾಗಿಲಿಗೆ ಕೈ ಹಾಕಿದರು.

“ಅಲ್ಲಲ್ಲ, ನೀವು ಹಿಂದೆ ಕೂತ್ಕೊಳ್ಳಿ,” ಎಂದರು ಹೆಂಡತಿ. “ಟೈಲರಣ್ಣನ್ನ ಇವತ್ತು ಮನೆಗೆ ಕಳಿಸ್ತಾರಂತೆ. ಕರ್ಕೊಂಡು ಬರ್ತೀನಿ ಅಂತ ಮಾತು ಕೊಟ್ಟಿದ್ದೀನಿ. ಕಾಲು ಚಾಚೋಕೆ ಅವರಿಗೆ ಮುಂದಿನ ಸೀಟು ಬೇಕು.”

ಊರಿಗೆಲ್ಲ ಕಾರು ಕಲಿಸಿದ ಮೇಷ್ಟ್ರು ಹಿಂದಿನ ಬಾಗಿಲು ತೆಗೆದು ಕೂತರು.